ಅಪ್ಪನ ಮೈಕ್ ಸೆಟ್, ನನ್ನ ಹೋಂ ಥಿಯೇಟರ್

ಹೊಸ ಮನೆಯ ಹಾಲ್‌ನಲ್ಲಿ ಏಣಿ ಹತ್ತಿ ನಿಂತು, ಸೀಲಿಂಗ್ ಸ್ಪೀಕರ್‌ಗೆ ಕಿವಿ ಹಚ್ಚಿ ಕೇಳುತ್ತಿದ್ದೆ. ರಿಸೀವರ್‌ನ ವಾಲ್ಯೂಮ್ 70ರ ಹತ್ತಿರ ಇತ್ತು. ಹಾಡು ಬರುತ್ತಿರಲಿಲ್ಲ ಅಂತಲ್ಲ. ಆದರೆ ಯಾರೋ ಪಕ್ಕದ ಊರಲ್ಲಿ ರೇಡಿಯೊ ಹಚ್ಚಿದಂತೆ ಬರುತ್ತಿತ್ತು. ಕೆಳಗೆ ಅವ್ವ ಏಣಿ ಹಿಡಿದು ನಿಂತಿದ್ದಳು. ಅಪ್ಪ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಮಾತಿಲ್ಲದೆ ನೋಡುತ್ತಿದ್ದ.

"ಎಷ್ಟು ಕೊಟ್ಟಿ ಇದಕ್ಕ?" ಅಂತ ಅವ್ವ ಕೇಳಿದಳು.

ನಾನು ಹೇಳಲಿಲ್ಲ. ಹೇಳಿದ್ದರೆ ಏಣಿ ಬಿಟ್ಟುಬಿಡುತ್ತಿದ್ದಳು.

ನಮ್ಮೂರು ತಳಕಲ್. ಗದಗ ಮತ್ತು ಕೊಪ್ಪಳದ ನಡುವೆ ಬರುವ ರೈಲ್ವೆ ಸ್ಟೇಷನ್. ಈಗ ಕುಕನೂರು ತಾಲ್ಲೂಕು, ಮೊದಲು ಯಲಬುರ್ಗಾ. ಗದಗ–ವಾಡಿ ಹೊಸ ರೈಲು ಮಾರ್ಗ ಕವಲೊಡೆಯುವುದು ಇಲ್ಲಿಂದಲೇ. 2025ರಲ್ಲಿ ಕುಷ್ಟಗಿ ತನಕ ರೈಲು ಓಡಾಟ ಶುರುವಾದಾಗ ನಮ್ಮೂರ ಹೆಸರು ಪೇಪರ್‌ನಲ್ಲಿ ಬಂತು. ಅದು ಬಿಟ್ಟರೆ ಎರೆಹೊಲ, ಜೋಳ, ಕಡಲೆ, ಒಂದು ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಮತ್ತೆ ಹಗಲು ರಾತ್ರಿ ಹೋಗುವ ಗೂಡ್ಸ್ ಗಾಡಿಗಳು.

ನಾನಿರುವುದು ಬೆಂಗಳೂರಿನಲ್ಲಿ, ಐಟಿ ಸಪೋರ್ಟ್ ಕೆಲಸ. ಹಳೆಯ ಮಣ್ಣಿನ ಮಾಳಿಗೆ ಮನೆ ಸೋರತೊಡಗಿದ ಮೇಲೆ, ಸಾಲ ಮಾಡಿ ಊರಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದೆವು. ಪಿಒಪಿ ಸೀಲಿಂಗ್ ಮಾಡಿಸುವಾಗ ನನಗೊಂದು ಹುಚ್ಚು ಹತ್ತಿತು. ಪಿಜಿ ರೂಮಿನಲ್ಲಿ ಎಂಟು ವರ್ಷ ಇಯರ್‌ಬಡ್‌ನಲ್ಲಿ ಸಿನಿಮಾ ನೋಡಿದವನಿಗೆ ಸ್ವಂತದ್ದೊಂದು ಹೋಂ ಥಿಯೇಟರ್ ಬೇಕು ಅನ್ನಿಸುವುದು ತಪ್ಪಲ್ಲ ಅಲ್ವಾ? ರಿಸೀವರ್, ಸಬ್‌ವೂಫರ್, ಮುಂದಿನ ಮೂರು ಸ್ಪೀಕರ್ ಇಎಂಐನಲ್ಲಿ ಬಂದವು. ಸೀಲಿಂಗ್‌ಗೆ ನಾಲ್ಕು ಸ್ಪೀಕರ್ ಬೇಕಿತ್ತು. ಎರಡು ಹಾಲ್‌ಗೆ, ಎರಡು ಅಡುಗೆಮನೆಗೆ, ಅವ್ವನಿಗಾಗಿ. ಅಷ್ಟೊತ್ತಿಗೆ ಕೈ ಖಾಲಿಯಾಗಿತ್ತು. ಎಸ್.ಪಿ. ರೋಡಿನಲ್ಲಿ ಸುತ್ತಾಡಿ, ಅಗ್ಗಕ್ಕೆ ಸಿಕ್ಕ ನಾಲ್ಕು ಸೀಲಿಂಗ್ ಸ್ಪೀಕರ್ ಕಟ್ಟಿಸಿಕೊಂಡು ಬಂದೆ. ನೋಡಲು ಚೆಂದ ಇದ್ದವು. ಅದಕ್ಕಿಂತ ಹೆಚ್ಚು ನಾನೂ ಕೇಳಲಿಲ್ಲ, ಅಂಗಡಿಯವನೂ ಹೇಳಲಿಲ್ಲ.

ಇಲ್ಲಿ ಅಪ್ಪನ ಬಗ್ಗೆ ಎರಡು ಮಾತು ಹೇಳಬೇಕು.

ಅಪ್ಪ ಇಪ್ಪತ್ತೆಂಟು ವರ್ಷ ಮೈಕ್ ಸೆಟ್ ನಡೆಸಿದವನು. ಒಂದು ಅಹುಜಾ ಆಂಪ್ಲಿಫೈಯರ್, ನಾಲ್ಕು ಹಾರ್ನ್, ಎರಡು ಮೈಕ್, ಒಂದು ಬ್ಯಾಟರಿ, ಕ್ಯಾಸೆಟ್ ತುಂಬಿದ ಟ್ರಂಕು. ಮದುವೆ, ಸೀಮಂತ, ಶ್ರಾವಣದ ಭಜನೆ, ಉರುಸು, ನಾಟಕ, ಎಲೆಕ್ಷನ್ ಪ್ರಚಾರ. ಕುಕನೂರು, ಇಟಗಿ, ಬನ್ನಿಕೊಪ್ಪ ಕಡೆಯ ಹಳ್ಳಿಗಳಿಗೆಲ್ಲ ಸೈಕಲ್ ಮೇಲೆ, ಆಮೇಲೆ ಎಂ80 ಮೇಲೆ ಹಾರ್ನ್ ಕಟ್ಟಿಕೊಂಡು ಹೋಗುತ್ತಿದ್ದ. ನಾನು ಸಣ್ಣವನಿದ್ದಾಗ ಹಾರ್ನ್ ಒಳಗೆ ತಲೆ ಹಾಕಿ ಕೂಗುವುದೇ ನನ್ನ ಆಟ. ಆಮೇಲೆ ಡಿಜೆ ಬಂತು. ಟ್ರ್ಯಾಕ್ಟರ್ ತುಂಬ ಬಾಕ್ಸ್ ಜೋಡಿಸುವವರ ಮುಂದೆ ನಾಲ್ಕು ಹಾರ್ನ್ ಎಲ್ಲಿ ನಿಲ್ಲುತ್ತವೆ? ಅಪ್ಪ ಸೆಟ್ ಮಾರಿದ. ಟ್ರಂಕು ಮಾತ್ರ ಮಾರಲಿಲ್ಲ.

ಮೈಕ್‌ನಲ್ಲಿ ಪ್ರಕಟಣೆ ಹೇಳುವಾಗ ಅಪ್ಪನದೊಂದು ನಿಯಮ ಇತ್ತು. ಯಾವ ಮಾತನ್ನಾದರೂ ಎರಡು ಸಲ ಹೇಳಬೇಕು. "ಮೊದಲನೇ ಸಲಕ್ಕ ಮಂದಿ ತಿರುಗಿ ನೋಡ್ತಾರ, ಎರಡನೇ ಸಲಕ್ಕ ಕೇಳ್ತಾರ" ಅನ್ನುತ್ತಿದ್ದ.

ಅಂಥ ಅಪ್ಪ ಮೂರ್ನಾಲ್ಕು ವರ್ಷದಿಂದ ಬರಬರುತ್ತ ಮಾತು ಕಡಿಮೆ ಮಾಡಿದ್ದ. ಟಿವಿ ವಾಲ್ಯೂಮ್ 40ಕ್ಕೆ ಇಟ್ಟು ಕೂರುತ್ತಿದ್ದ. ಅವ್ವ ಕಡಿಮೆ ಮಾಡಿದರೆ ಎದ್ದು ಹೊರಗೆ ಹೋಗುತ್ತಿದ್ದ. ಫೋನ್ ಮಾಡಿದರೆ ಎಲ್ಲದಕ್ಕೂ "ಹೂಂ", "ಹೂಂ". ನಾನು ಆರಾಮ ಅಂದರೂ ಹೂಂ, ಜ್ವರ ಬಂದಿದೆ ಅಂದರೂ ಹೂಂ.

ಹೋದ ವರ್ಷದ ಯುಗಾದಿಗೆ ರಜೆ ಸಿಗಲಿಲ್ಲ. ಬರುವುದಿಲ್ಲ ಅಂತ ಅಪ್ಪನಿಗೇ ಫೋನ್ ಮಾಡಿ ಹೇಳಿದ್ದೆ. "ಹೂಂ" ಅಂದಿದ್ದ. ಹಬ್ಬದ ಹಿಂದಿನ ದಿನ ಸಂಜೆ ಅವನು ಸ್ಟೇಷನ್‌ಗೆ ಹೋಗಿ, ಪ್ಯಾಸೆಂಜರ್ ಬಂದು ಹೋದ ಮೇಲೂ ಕತ್ತಲಾಗುವ ತನಕ ಅಲ್ಲೇ ಕೂತಿದ್ದನಂತೆ. ಅವ್ವ ಅಳುತ್ತ ಫೋನ್ ಮಾಡಿದಳು. ನನಗೆ ಸಿಟ್ಟು ಬಂತು. ಬರಲ್ಲ ಅಂತ ಸ್ಪಷ್ಟವಾಗಿ ಹೇಳಿದ ಮೇಲೂ ಸ್ಟೇಷನ್‌ನಲ್ಲಿ ಹೋಗಿ ಕೂರುವುದು ಅಂದರೆ ಏನರ್ಥ? ನಾಲ್ಕು ಮಂದಿಗೆ ನನ್ನನ್ನು ತಪ್ಪಿತಸ್ಥ ಅಂತ ತೋರಿಸುವುದಕ್ಕೇ ಹೀಗೆ ಮಾಡಿದ ಅಂದುಕೊಂಡೆ. ಆಮೇಲೆ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ಅದೊಂದು ಗಂಟಾಗಿ ಉಳಿದಿತ್ತು.

ಈಗ ಏಣಿಯ ಕಥೆಗೆ ಬರೋಣ.

ವಾಲ್ಯೂಮ್ 75ಕ್ಕೆ ಒಯ್ದೆ. ಮುಂದಿನ ಸ್ಪೀಕರ್‌ಗಳು ಕಿರುಚಿಕೊಂಡವು, ಸೀಲಿಂಗ್‌ನವು ಹಾಗೇ ಪಿಸುಗುಟ್ಟಿದವು. ಅಪ್ಪ ಎದ್ದು ಬಂದ. "ತಮ್ಮಾ, ಸೌಂಡ್ ಬರಲಿಲ್ಲಂದ್ರ ವಾಲ್ಯೂಮ್ ಹೆಚ್ಚು ಮಾಡಬ್ಯಾಡ. ಮೊದಲ ಲೈನ್ ನೋಡು. ಒಂದು ಕೆಳಗ ಇಳಿಸು."

ಒಂದು ಸ್ಪೀಕರ್ ಬಿಚ್ಚಿ ಕೊಟ್ಟೆ. ತಿರುಗಿಸಿ ನೋಡಿದವನೇ ನಕ್ಕ. ಎಷ್ಟೋ ದಿನದ ಮೇಲೆ ಅವನ ನಗು ನೋಡಿದ್ದು.

"ಇದು ಮನಿಗೆ ಹಾಕೂದಲ್ಲಲೇ. ಶಾಲಿ, ಆಸ್ಪತ್ರಿ, ದೊಡ್ಡ ಅಂಗಡಿಗೆ ಹಾಕೂದು. ಹಿಂದ ಲೈನ್ ಟ್ರಾನ್ಸ್‌ಫಾರ್ಮರ್ ಐತಿ ನೋಡು. ನೂರು ವೋಲ್ಟ್ ಲೈನಿಂದು."

ಸ್ಪೀಕರ್‌ನ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಇತ್ತು. ಅದರಿಂದ ಹೊರಟ ವೈರ್‌ಗಳಿಗೆ 6 ವ್ಯಾಟ್, 3 ವ್ಯಾಟ್ ಅಂತ ಚೀಟಿ ಹಚ್ಚಿದ್ದರು. ನಾನು ಅದನ್ನು ನೋಡಿದ್ದೆ. ಏನೋ ಒಳ್ಳೆಯದೇ ಇರಬೇಕು ಅಂತ 6 ವ್ಯಾಟ್‌ನ ವೈರ್‌ಗೆ ಜೋಡಿಸಿದ್ದೆ.

ಅಪ್ಪ ವಿವರಿಸಿದ್ದು ಹೀಗೆ. ನಮ್ಮೂರಿಗೆ ಕರೆಂಟ್ 11 ಸಾವಿರ ವೋಲ್ಟ್ ಲೈನ್‌ನಲ್ಲಿ ಬರುತ್ತದೆ, ಟಿಸಿಯಲ್ಲಿ ಇಳಿದು ಮನೆಗೆ 230 ಆಗುತ್ತದೆ. ದೂರ ಸಾಗಿಸುವಾಗ ವೋಲ್ಟೇಜ್ ಹೆಚ್ಚಿಟ್ಟರೆ ತಂತಿಯಲ್ಲಿ ಹರಿಯುವ ಕರೆಂಟ್ ಕಡಿಮೆ, ಹಾಗಾಗಿ ನಷ್ಟವೂ ಕಡಿಮೆ. ಮೈಕ್ ಸೆಟ್‌ನವರು ಮಾಡುವುದೂ ಅದನ್ನೇ. ಶಾಲೆಯಂಥ ಕಡೆ ನೂರಾರು ಅಡಿ ವೈರ್ ಎಳೆದು ಇಪ್ಪತ್ತು ಸ್ಪೀಕರ್ ಹಾಕಬೇಕಾದಾಗ, ಆಂಪ್ಲಿಫೈಯರ್ ಸದ್ದನ್ನು 100 ವೋಲ್ಟ್‌ಗೆ ಏರಿಸಿ ಕಳಿಸುತ್ತದೆ. ಪ್ರತಿ ಸ್ಪೀಕರ್‌ನ ಹಿಂದಿರುವ ಸಣ್ಣ ಟಿಸಿ ಅದನ್ನು ಇಳಿಸಿ, ತನಗೆ ಬೇಕಾದಷ್ಟು ತೆಗೆದುಕೊಳ್ಳುತ್ತದೆ.

ಮನೆಯ ರಿಸೀವರ್ 100 ವೋಲ್ಟ್ ಕೊಡುವುದಿಲ್ಲ. ಅದು 8 ಓಮ್‌ನ ಸ್ಪೀಕರ್ ನೇರವಾಗಿ ಜೋಡಿಸಲೆಂದೇ ಇರುವುದು. ಚಾನೆಲ್‌ಗೆ 80 ವ್ಯಾಟ್‌ನ ರಿಸೀವರ್ ಪೂರ್ತಿ ಜೋರಿನಲ್ಲಿ ಕೊಡುವುದು ಸುಮಾರು 25 ವೋಲ್ಟ್. ಆಮೇಲೆ ನಾನೇ ಲೆಕ್ಕ ಹಾಕಿದೆ. ವೋಲ್ಟೇಜ್ ನಾಲ್ಕನೇ ಒಂದು ಭಾಗವಾದರೆ ಶಕ್ತಿ ಹದಿನಾರನೇ ಒಂದು ಭಾಗ. ಅಂದರೆ 6 ವ್ಯಾಟ್‌ನ ಆ ಸ್ಪೀಕರ್‌ಗೆ ಅರ್ಧ ವ್ಯಾಟ್ ಕೂಡ ಮುಟ್ಟುತ್ತಿರಲಿಲ್ಲ. ರಿಸೀವರ್ ಕೆಟ್ಟಿರಲಿಲ್ಲ, ಸ್ಪೀಕರ್ ಕೆಟ್ಟಿರಲಿಲ್ಲ. ಒಂದಕ್ಕೊಂದು ಹೊಂದಿಕೆ ಇರಲಿಲ್ಲ, ಅಷ್ಟೇ.

ನೀವೂ ಸೀಲಿಂಗ್ ಸ್ಪೀಕರ್ ಕೊಳ್ಳುವುದಿದ್ದರೆ ಇದೊಂದನ್ನು ಕೇಳಿ: "8 ಓಮಾ, 100 ವೋಲ್ಟ್ ಲೈನಾ?" ಮನೆಗೆ ಬೇಕಿರುವುದು ಮೊದಲನೆಯದು. ಇದರ ಉಲ್ಟಾ ಇನ್ನೂ ಅಪಾಯ. ಮನೆಯ 8 ಓಮ್ ಸ್ಪೀಕರ್ ಒಯ್ದು 100 ವೋಲ್ಟ್ ಲೈನ್‌ಗೆ ಹಚ್ಚಿದರೆ ಸುಟ್ಟೇ ಹೋಗುತ್ತದೆ.

ಅಪ್ಪ ಒಳಗೆ ಹೋಗಿ ಟ್ರಂಕು ಎಳೆದು ತಂದ. ಮಲ್ಟಿಮೀಟರ್, ಕಟಿಂಗ್ ಪ್ಲೇಯರ್, ಸೋಲ್ಡರಿಂಗ್ ಕಡ್ಡಿ, ಎಲ್ಲ ಹಳೆಯ ಲುಂಗಿಯಲ್ಲಿ ಸುತ್ತಿಟ್ಟಿದ್ದ. ಟ್ರಾನ್ಸ್‌ಫಾರ್ಮರ್‌ನ ವೈರ್ ಕತ್ತರಿಸಿ, ಸ್ಪೀಕರ್ ಕಾಯಿಲ್‌ನ ಎರಡು ತುದಿಗೆ ಮೀಟರ್ ಹಿಡಿದ. ಆರೂವರೆ ತೋರಿಸಿತು. "ಎಂಟು ಓಮಿನ ಸ್ಪೀಕರ್ ಮೀಟರ್‌ನಾಗ ಆರು, ಏಳು ತೋರಸ್ತೈತಿ. ನಡೀತೈತಿ." ಎರಡನ್ನು ಹೀಗೆ ನೇರ ಮಾಡಿ ಅಡುಗೆಮನೆಗೆ ಹಾಕಿದೆವು. ಅವು 6 ವ್ಯಾಟ್‌ನ ಸಣ್ಣ ಸ್ಪೀಕರ್, ದೊಡ್ಡ ರಿಸೀವರ್‌ನ ಹೊಡೆತ ತಾಳಲಾರವು. ಅದಕ್ಕೆ ರಿಸೀವರ್‌ನ ಸೆಟ್ಟಿಂಗ್‌ನಲ್ಲಿ ಝೋನ್ 2ಕ್ಕೆ ವಾಲ್ಯೂಮ್ ಮಿತಿ ಹಾಕಿದೆ. ಹಾಲ್‌ಗೆ ಮಾತ್ರ ಆರೂವರೆ ಇಂಚಿನ ಸರಿಯಾದ 8 ಓಮ್ ಸ್ಪೀಕರ್ ಎರಡನ್ನು ತರಿಸಿದೆ. ನಾಲ್ಕೇ ದಿನದಲ್ಲಿ ಬಂದವು. ತೂತು ದೊಡ್ಡದು ಮಾಡುವಾಗ ಪಿಒಪಿ ಪುಡಿ ಮನೆ ತುಂಬ ಹಾರಿತು, ಅವ್ವ ಎರಡು ಸಲ ಕಸ ಹೊಡೆದಳು, ಮೂರನೇ ಸಲ ಕಸಬರಿಗೆ ನನ್ನ ಕೈಗೆ ಕೊಟ್ಟಳು.

ಹಾಲ್‌ನ ಜೋಡಿ ಹಚ್ಚಿದ ಮೇಲೂ ಸದ್ದು ಏಕೋ ಪೊಳ್ಳು ಅನ್ನಿಸಿತು. ಅಪ್ಪ ಗೋಡೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ ಕಿತ್ತುಕೊಂಡು ಬಂದ. ರಿಸೀವರ್‌ನ ಹಿಂದೆ ವೈರ್ ಬಿಚ್ಚಿ, ಸೆಲ್‌ನ ಎರಡು ತುದಿಗೆ ಒಂದು ಕ್ಷಣ ಮುಟ್ಟಿಸಿದ. ನಾನು ಮೇಲೆ ನೋಡುತ್ತಿದ್ದೆ. ಒಂದು ಸ್ಪೀಕರ್‌ನ ಕಾಗದ ಹೊರಗೆ ತಳ್ಳಿಕೊಂಡಿತು. ಇನ್ನೊಂದಕ್ಕೆ ಮುಟ್ಟಿಸಿದರೆ ಒಳಗೆ ಎಳೆದುಕೊಂಡಿತು. ಅಂದರೆ ಸೀಲಿಂಗ್‌ನೊಳಗೆ ಎಲ್ಲೋ ಪ್ಲಸ್, ಮೈನಸ್ ಅದಲುಬದಲಾಗಿದೆ. ಒಂದು ಗಾಳಿ ತಳ್ಳುವಾಗ ಇನ್ನೊಂದು ಎಳೆದರೆ ಎರಡೂ ಸದ್ದು ಒಂದನ್ನೊಂದು ತಿಂದುಹಾಕುತ್ತವೆ, ಅದರಲ್ಲೂ ಕೆಳಗಿನ ದನಿ. ವೈರ್ ತಿರುಗಿಸಿ ಹಾಕಿದ ತಕ್ಷಣ ಸದ್ದು ತುಂಬಿಕೊಂಡಿತು.

ಇದನ್ನೆಲ್ಲ ನಾನು ಯೂಟ್ಯೂಬ್‌ನಲ್ಲಿ ಎರಡು ವಾರ ನೋಡಿದ್ದೆ. ಸೆಲ್ ಮುಟ್ಟಿಸಿ ನೋಡುವವನು ಮನೆಯಲ್ಲೇ ಇದ್ದಾನೆ ಅಂತ ಹೊಳೆದಿರಲಿಲ್ಲ. ಕೇಳಿಯೂ ಇರಲಿಲ್ಲ.

ಆಮೇಲೆ ಸಬ್‌ವೂಫರ್. ಇದು ಅಪ್ಪನಿಗೂ ಹೊಸದು. ಮೈಕ್ ಸೆಟ್‌ನವರಿಗೆ ಬಾಸ್ ಬೇಕಾಗಿಯೇ ಇರಲಿಲ್ಲ, ಹಾರ್ನ್‌ನಲ್ಲಿ ಅದು ಬರುವುದೂ ಇಲ್ಲ. ಈ ಸಲ ನಾನು ಮೇಷ್ಟ್ರು. ಸಬ್‌ವೂಫರ್ ಒಳಗೆ ಅದರದೇ ಆಂಪ್ಲಿಫೈಯರ್ ಇರುತ್ತದೆ. ಹಾಗಾಗಿ ರಿಸೀವರ್‌ನ ಸ್ಪೀಕರ್ ಟರ್ಮಿನಲ್‌ಗೆ ಅದನ್ನು ಹಚ್ಚಬಾರದು. ರಿಸೀವರ್‌ನಲ್ಲಿ 'ಸಬ್‌ವೂಫರ್ ಪ್ರೀ ಔಟ್' ಅಂತ ಒಂದು ತೂತಿದೆ. ಅಲ್ಲಿಂದ ಒಂದೇ ಒಂದು ಆರ್‌ಸಿಎ ಕೇಬಲ್ ಸಬ್‌ನ 'ಎಲ್‌ಎಫ್‌ಇ' ತೂತಿಗೆ. ಮುಗೀತು. ಹಳೆಯ ಹೋಂ ಥಿಯೇಟರ್ ಡಬ್ಬಿಯ ಸಬ್ ಹೀಗೆ ಹಚ್ಚಿದರೆ ಸದ್ದೇ ಬರದಿರಲು ಕಾರಣವೂ ಇದೇ. ಅದರೊಳಗೆ ಹೆಚ್ಚಾಗಿ ಆಂಪ್ಲಿಫೈಯರ್ ಇರುವುದಿಲ್ಲ.

ಇನ್ನು ಯಾವ ದನಿ ಎಲ್ಲಿಗೆ ಹೋಗಬೇಕು ಅಂತ ರಿಸೀವರ್‌ಗೆ ಹೇಳಬೇಕು. ಎಲ್ಲ ಸ್ಪೀಕರ್‌ಗಳನ್ನು 'ಸ್ಮಾಲ್' ಅಂತ ಇಟ್ಟು, ಕ್ರಾಸ್‌ಓವರ್ 80 ಹರ್ಟ್ಜ್ ಮಾಡಿದೆ. ಅಂದರೆ 80ಕ್ಕಿಂತ ಕೆಳಗಿನ ಗುಡುಗು ಸಬ್‌ಗೆ, ಮೇಲಿನದ್ದು ಸ್ಪೀಕರ್‌ಗಳಿಗೆ. ಸೀಲಿಂಗ್‌ನವಕ್ಕೆ 120. ಸಬ್‌ನ ಹಿಂದಿರುವ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಮೇಲಕ್ಕೆ ಇಡಬೇಕು. ಇಲ್ಲದಿದ್ದರೆ ಇಬ್ಬಿಬ್ಬರು ಕತ್ತರಿ ಹಾಕಿ ನಡುವಿನ ದನಿಯೇ ಮಾಯ.

ಹಚ್ಚಿದ ಕೂಡಲೇ "ಗುಂಯ್" ಅಂತ ಒಂದೇ ಸಮನೆ ಸದ್ದು. ಹಾಡು ನಿಲ್ಲಿಸಿದರೂ ಅದು ನಿಲ್ಲಲಿಲ್ಲ. ಅಪ್ಪನಿಗೆ ಈ ದೆವ್ವದ ಪರಿಚಯ ಇತ್ತು. ಸಬ್‌ನ ಪ್ಲಗ್ ಬೇರೆ ಗೋಡೆಯ ಬೇರೆ ಲೈನ್‌ನಲ್ಲಿತ್ತು, ರಿಸೀವರ್‌ದು ಬೇರೆ. ಎರಡರ ಅರ್ಥಿಂಗ್ ಕೇಬಲ್ ಮೂಲಕ ಸುತ್ತುಗಟ್ಟಿದಾಗ ಕರೆಂಟಿನ ಗುಂಯ್‌ಗುಡುವಿಕೆ ಒಳಗೆ ಬರುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿದೆವು, ನಿಂತುಹೋಯಿತು. ಅರ್ಥ್ ಪಿನ್ ಮುರಿದರೂ ಸದ್ದು ನಿಲ್ಲುತ್ತದೆ ಅಂತ ಕೆಲವರು ಹೇಳುತ್ತಾರೆ. ಆ ಕೆಲಸ ಮಾಡಬೇಡಿ. ಆ ಪಿನ್ ಇರುವುದು ಜೀವ ಉಳಿಸಲು.

ಸಬ್ ಎಲ್ಲಿ ಇಡಬೇಕು ಅನ್ನುವುದಕ್ಕೆ ಒಂದು ಉಪಾಯ ಇದೆ. ನಾವು ಕೂರುವ ಜಾಗದಲ್ಲಿ ಸಬ್ ಇಟ್ಟು, ಬಾಸ್ ಇರುವ ಹಾಡು ಹಚ್ಚಿ, ಕೋಣೆಯ ಅಂಚಿನಲ್ಲಿ ಓಡಾಡಿ ಕೇಳುವುದು. ಎಲ್ಲಿ ಬಾಸ್ ಸಮನಾಗಿ ಕೇಳುತ್ತದೋ ಅದೇ ಸಬ್‌ನ ಜಾಗ. ಅಪ್ಪ ಬರಿಗಾಲಲ್ಲಿ ಗೋಡೆಗುಂಟ ನಡೆದ. "ಇಲ್ಲಿ ಗುಡುಗುಡು ಹೆಚ್ಚಾತು. ಇಲ್ಲಿ ಇಲ್ಲವೇ ಇಲ್ಲ. ಹಾಂ, ಇಲ್ಲಿ ಐತಿ ನೋಡು." ಟಿವಿಯ ಎಡಕ್ಕೆ, ಮೂಲೆಯಿಂದ ಮೂರು ಅಡಿ. ಇಂದಿಗೂ ಅಲ್ಲೇ ಇದೆ. ಕೂತುಕೊಂಡು ಅಂಗೈ ನೆಲಕ್ಕೆ ಹಚ್ಚಿದ. "ಲೋಡ್ ಗೂಡ್ಸ್ ಬಂದಂಗ ಆತು" ಅಂತ ನಕ್ಕ.

ಕೊನೆಗೆ ಉಳಿದದ್ದು ಟೆಸ್ಟ್. ಫೋನ್‌ನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಕೆಳಗಿನಿಂದ ಮೇಲಿನ ತನಕ ಒಂದೊಂದೇ ದನಿ ಹೊರಡಿಸುತ್ತದೆ. ಯಾವ ಸ್ಪೀಕರ್ ಎಲ್ಲಿ ತಪ್ಪುತ್ತದೆ ನೋಡೋಣ ಅಂತ. "ನೀನು ಕೇಳಿಸುವ ತನಕ ಕೈ ಎತ್ತಿರು" ಅಂತ ಅಪ್ಪನಿಗೆ ಹೇಳಿ, ನಾನು ಏಣಿ ಮೇಲೆ ನಿಂತೆ.

50 ಹರ್ಟ್ಜ್. ಕೈ ಮೇಲಿತ್ತು. 200, 500, ಸಾವಿರ. ಕೈ ಮೇಲೆಯೇ ಇತ್ತು. ಎರಡು ಸಾವಿರಕ್ಕೆ ಅಪ್ಪ ಹುಬ್ಬು ಗಂಟಿಕ್ಕಿದ. ಮೂರು ಸಾವಿರ ದಾಟಿದ ಕೂಡಲೇ ಕೈ ಇಳಿಸಿದ.

"ನಿಂತೈತಿ ನೋಡು. ಮತ್ತ ಲೈನ್ ಬಿಚ್ಚೈತೇನು?"

ನನ್ನ ತಲೆಯ ಪಕ್ಕದಲ್ಲೇ ಸ್ಪೀಕರ್ ಕೀರಲು ದನಿಯಲ್ಲಿ ಕೂಗುತ್ತಿತ್ತು. ಅಡುಗೆಮನೆಯಿಂದ ಅವ್ವ "ಏ, ಅದೇನದು ಕಿಂಯ್ ಅನ್ನೂದು, ಬಂದ್ ಮಾಡ್ರೋ" ಅಂತ ಕೂಗಿದಳು. ಅಪ್ಪ ನನ್ನ ಮುಖ ನೋಡುತ್ತ ನಿಂತಿದ್ದ, ವೈರ್ ನೋಡಲಿ ಅಂತ ಕಾಯುತ್ತ.

"ಹೌದಪಾ, ಲೈನ್ ಲೂಸ್ ಇರಬೇಕು" ಅಂದೆ. ಕೆಳಗಿಳಿದು ಸುಮ್ಮನೆ ರಿಸೀವರ್ ಹಿಂದೆ ಕೈ ಆಡಿಸಿದೆ. ಏನೂ ಲೂಸ್ ಇರಲಿಲ್ಲ.

ಆ ರಾತ್ರಿ ಅಟ್ಟದ ಮೇಲೆ ಕೂತು ಮೊಬೈಲ್‌ನಲ್ಲಿ ಓದಿದೆ. ಬಹಳ ವರ್ಷ ಜೋರು ಸದ್ದಿನ ಹತ್ತಿರ ಕೆಲಸ ಮಾಡಿದವರ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ದನಿಗಳನ್ನು, 3 ಸಾವಿರದಿಂದ 6 ಸಾವಿರ ಹರ್ಟ್ಜ್ ಸುತ್ತಮುತ್ತ. ಕೆಳಗಿನ ದನಿ ಚೆನ್ನಾಗಿಯೇ ಕೇಳುತ್ತಿರುತ್ತದೆ. ಮಾತಿನಲ್ಲಿ ಅ, ಆ, ಓ ಇಂಥ ಸ್ವರಗಳ ಬಲ ಇರುವುದು ಕೆಳಗೆ. ಸ, ಶ, ತ, ಕ ಇಂಥವುಗಳ ಗುರುತು ಇರುವುದು ಮೇಲೆ. ಹಾಗಾಗಿ ಅಂಥವರಿಗೆ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಮಾತಾಡಿದರು ಅಂತ ಗೊತ್ತಾಗುವುದಿಲ್ಲ. ಫೋನ್‌ನಲ್ಲಂತೂ ಇನ್ನೂ ಕಷ್ಟ, ತುಟಿಯೂ ಕಾಣುವುದಿಲ್ಲ.

ಬೆಳಿಗ್ಗೆ ಅಪ್ಪನ ಪಕ್ಕ ಕೂತು, ಮುಖ ನೋಡಿ ಕೇಳಿದೆ. "ಅಪ್ಪಾ, ಟಿವಿ ಸರಿ ಕೇಳಸ್ತೈತೇನು ನಿನಗ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಕೇಳಸ್ತೈತಿ. ತಿಳಿಯಂಗಿಲ್ಲ."

"ಫೋನು?"

"ನಿನ್ನ ದನಿ ಕೇಳಸ್ತೈತಿ. ನಾಕ್ ಮಾತಿಗೆ ಒಂದು ಸಿಗತೈತಿ. ಪದೇ ಪದೇ ಏನಂದಿ, ಏನಂದಿ ಅಂದ್ರ ನಿನಗ ಸಿಟ್ಟು ಬರತೈತಿ. ಅದಕ್ಕ ಹೂಂ ಅಂತೀನಿ."

ಯುಗಾದಿ ನೆನಪಾಯಿತು. 'ಈ ಸಲ ಯುಗಾದಿಗೆ ಬರಾಕಾಗಂಗಿಲ್ಲ' ಅಂತ ಹೇಳಿದ್ದೆ. ಅವನಿಗೆ ಸಿಕ್ಕಿದ್ದು 'ಯುಗಾದಿ' ಒಂದೇ ಇರಬೇಕು. ಉಳಿದದ್ದನ್ನು ತಾನೇ ತುಂಬಿಕೊಂಡು ಸ್ಟೇಷನ್‌ಗೆ ಹೋಗಿದ್ದಾನೆ. ಇಡೀ ವರ್ಷ ನಾನು ಅದನ್ನು ಹಟ ಅಂದುಕೊಂಡಿದ್ದೆ. ಮನೆಯಲ್ಲಿ ನಾವೆಲ್ಲ ಅವನ ಜೊತೆ ಮಾಡಿದ್ದೂ ಒಂದೇ ಕೆಲಸ, ವಾಲ್ಯೂಮ್ ಹೆಚ್ಚು ಮಾಡುವುದು. ಕೂಗಿ ಹೇಳುವುದು, ಆಮೇಲೆ ಕೂಗಿದ್ದಕ್ಕೆ ನಾವೇ ಸಿಟ್ಟಾಗುವುದು. ಲೈನ್ ಯಾರೂ ನೋಡಲಿಲ್ಲ.

ಕೊಪ್ಪಳಕ್ಕೆ ಕರೆದುಕೊಂಡು ಹೋದೆ. ಮೊದಲು ಒಲ್ಲೆ ಅಂದ, ನನ್ನದೂ ಟೆಸ್ಟ್ ಮಾಡಿಸೋದಿದೆ ಅಂದ ಮೇಲೆ ಬಂದ. ಸದ್ದು ಬರದ ಸಣ್ಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ದನಿ ಕೇಳಿದಾಗಲೆಲ್ಲ ಗುಂಡಿ ಒತ್ತಿಸಿದರು. ಅಪ್ಪನ ಗ್ರಾಫ್ ಎಡಗಡೆ ಸಮನಾಗಿ ಬಂದು, ಬಲಕ್ಕೆ ಹೋಗುತ್ತ ಬಾವಿಗೆ ಇಳಿದಂತೆ ಇಳಿದಿತ್ತು. 4 ಸಾವಿರದ ಹತ್ತಿರ ಎಲ್ಲಕ್ಕಿಂತ ಆಳ. "ಎಷ್ಟು ವರ್ಷ ಸೌಂಡ್ ಹತ್ತಿರ ಕೆಲಸ ಮಾಡಿದ್ರಿ?" ಅಂತ ಡಾಕ್ಟರ್ ನೇರವಾಗಿ ಕೇಳಿದರು. ಕಿವಿಯ ಒಳಗಿನ ಸಣ್ಣ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು, ಹಿಯರಿಂಗ್ ಏಡ್ ಹಾಕಬಹುದು ಅಂದರು.

ಹಿಯರಿಂಗ್ ಏಡ್ ಅಂದ ಕೂಡಲೇ ಅಪ್ಪ ಎದ್ದು ನಿಂತ. ವಯಸ್ಸಾದವರು ಹಾಕಿಕೊಳ್ಳುವುದಂತೆ ಅದು. ಅವನಿಗೆ 67. ಟ್ರಯಲ್‌ಗೆ ಅಂತ ಹೇಗೋ ಕೂರಿಸಿದೆವು. ಹಾಕಿದ ತಕ್ಷಣ ಮುಖ ಕಿವುಚಿ "ಟ್ರೆಬಲ್ ಹೆಚ್ಚಾಗೈತಿ" ಅಂದ. ಆಡಿಯಾಲಜಿಸ್ಟ್ ನಗುತ್ತ ಲ್ಯಾಪ್‌ಟಾಪ್ ಅವನ ಕಡೆ ತಿರುಗಿಸಿ, ಸ್ಕ್ರೀನ್ ಮೇಲೆ ಸಾಲಾಗಿ ನಿಂತ ಗೆರೆಗಳಲ್ಲಿ ಒಂದನ್ನು ಇಳಿಸಿ ತೋರಿಸಿದರು. ಅಪ್ಪ ಮುಂದೆ ಬಗ್ಗಿ ನೋಡಿದ.

"ಇದು ಈಕ್ವಲೈಸರ್ ಐತಲ್ಲೋ!"

ಆಮೇಲೆ ಇಪ್ಪತ್ತು ನಿಮಿಷ ಅವರಿಬ್ಬರದೇ ಮಾತು. ಇದನ್ನು ಏರಿಸಿ, ಅದನ್ನು ಇಳಿಸಿ. ನಾನು ಸುಮ್ಮನೆ ಕೂತು ನೋಡಿದೆ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಹಿಯರಿಂಗ್ ಏಡ್‌ಗೆ ಹೊಂದಿಕೊಳ್ಳಲು ವಾರಗಟ್ಟಲೆ ಬೇಕು. ಮದುವೆ ಮನೆಯಲ್ಲಿ, ಸಂತೆಯಲ್ಲಿ ಈಗಲೂ ಅವನಿಗೆ ಕಿರಿಕಿರಿ, ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾನೆ. ಹೋದದ್ದು ಹೋಯಿತು. ಆದರೆ ಮನೆಯಲ್ಲಿ ಜಗಳ ಕಡಿಮೆಯಾಗಿದೆ.

ನಾನು ಹೋಂ ಥಿಯೇಟರ್‌ನ ಸೆಟ್ಟಿಂಗ್ ಪೂರ್ತಿ ಬದಲಿಸಿದೆ. ಸಿನಿಮಾ, ಸೀರಿಯಲ್‌ನಲ್ಲಿ ಮಾತು ಬರುವುದು ಹೆಚ್ಚಾಗಿ ನಡುವಿನ ಸೆಂಟರ್ ಸ್ಪೀಕರ್‌ನಿಂದ. ಅದನ್ನೊಂದೇ 4 ಡೆಸಿಬೆಲ್ ಏರಿಸಿದೆ, ಸಬ್ ಅನ್ನು 3 ಇಳಿಸಿದೆ. ಜೋರು ಸದ್ದು, ಸಣ್ಣ ಸದ್ದಿನ ಅಂತರ ಕಡಿಮೆ ಮಾಡುವ 'ನೈಟ್ ಮೋಡ್' ಹಾಕಿದೆ. ಟಿವಿಯಿಂದ ರಿಸೀವರ್‌ಗೆ ಎಚ್‌ಡಿಎಂಐ ಎಆರ್‌ಸಿ ಇರುವುದರಿಂದ ಒಂದೇ ರಿಮೋಟ್ ಸಾಕು. ಮೊದಲಿಗಿಂತ ಎಷ್ಟೋ ಕಡಿಮೆ ವಾಲ್ಯೂಮ್‌ನಲ್ಲಿ ಈಗ ಅಪ್ಪ ಸೀರಿಯಲ್‌ನ ಮಾತಿಗೆ ಸರಿಯಾಗಿ ನಗುತ್ತಾನೆ. ನಿಮ್ಮ ಮನೆಯ ಹಿರಿಯರು ಟಿವಿ ಜೋರು ಇಡುತ್ತಿದ್ದರೆ ಇಷ್ಟನ್ನಾದರೂ ಮಾಡಿ ನೋಡಿ. ಜೊತೆಗೆ ಕಿವಿ ಪರೀಕ್ಷೆಯನ್ನೂ ಮಾಡಿಸಿ.

ಅವ್ವನ ಅಡುಗೆಮನೆಯಲ್ಲಿ ಬೆಳಿಗ್ಗೆ ಆ ಎರಡು ಸಣ್ಣ ಸ್ಪೀಕರ್‌ಗಳಲ್ಲಿ ಧಾರವಾಡ ಆಕಾಶವಾಣಿ ಬರುತ್ತದೆ, ಆ್ಯಪ್ ಮೂಲಕ. ನಾಲ್ಕರಲ್ಲಿ ಉಳಿದ ಎರಡು ಅಪ್ಪನ ಟ್ರಂಕಿನಲ್ಲಿವೆ, ಟ್ರಾನ್ಸ್‌ಫಾರ್ಮರ್ ಸಮೇತ. ಶಾಲೆಗೆ ಕೊಡುತ್ತಾನಂತೆ. ರಾತ್ರಿ ಹತ್ತಾದರೆ ಸಬ್ ಬಂದ್. ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಹಚ್ಚಬಾರದು ಅನ್ನುವ 2000ದ ಶಬ್ದಮಾಲಿನ್ಯ ನಿಯಮ ಮೈಕ್ ಸೆಟ್‌ನವರಿಗೆ ಬಾಯಿಪಾಠ. ಮನೆಯಲ್ಲೂ ಅದನ್ನೇ ನಡೆಸುತ್ತಾನೆ. ಗೋಡೆ ದಾಟಿ ಪಕ್ಕದ ಮನೆಗೆ ಮೊದಲು ಹೋಗುವುದು ಬಾಸೇ ಆದ್ದರಿಂದ ನಾನೂ ವಾದ ಮಾಡುವುದಿಲ್ಲ.

ನನ್ನ ಕಿವಿ ಸದ್ಯ ಸರಿಯಿದೆ. ಆದರೆ ಗ್ರಾಫ್ ನೋಡುವಾಗ ಎದೆ ಹೊಡೆದುಕೊಂಡಿದ್ದು ನಿಜ. ದಿನಕ್ಕೆ ಆರು ತಾಸು ಕಾಲ್, ಆಮೇಲೆ ಮೆಟ್ರೋದಲ್ಲಿ ಹಾಡು. 80 ಡೆಸಿಬೆಲ್ ಆದರೆ ವಾರಕ್ಕೆ 40 ತಾಸು, 90 ಆದರೆ ಬರೀ 4 ತಾಸು, ಇಷ್ಟು ಮಾತ್ರ ಕಿವಿಗೆ ಸುರಕ್ಷಿತ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಪ್ಪನ ಕಾಲದಲ್ಲಿ ಯಾರೂ ಇದನ್ನು ಹೇಳಲಿಲ್ಲ. ಹಾರ್ನ್ ಪಕ್ಕದಲ್ಲೇ ಮಲಗಿ ಜಾತ್ರೆ ಕಾದವನು ಅವನು. ನಮಗೆ ಫೋನೇ ಎಚ್ಚರಿಕೆ ಕೊಡುತ್ತದೆ, ನಾವು ಓಕೆ ಒತ್ತಿ ಮುಂದೆ ಹೋಗುತ್ತೇವೆ.

ಈಗ ಊರಿಗೆ ಹೊರಡುವ ಮುಂಚೆ ಅಪ್ಪನಿಗೆ ವಿಡಿಯೊ ಕಾಲ್ ಮಾಡುತ್ತೇನೆ, ತುಟಿ ಕಾಣಲಿ ಅಂತ. ನಿಧಾನವಾಗಿ ಹೇಳುತ್ತೇನೆ. "ಶನಿವಾರ ಬರ್ತೀನಿ. ಸಂಜಿ ಪ್ಯಾಸೆಂಜರ್‌ಗೆ."

ಅಪ್ಪ ಈಗ 'ಹೂಂ' ಅನ್ನುವುದಿಲ್ಲ. ಮೈಕ್ ಮುಂದೆ ನಿಂತವನ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಾನೆ.

"ಶನಿವಾರ. ಸಂಜಿ ಪ್ಯಾಸೆಂಜರ್‌ಗೆ. ಹೌದಿಲ್ಲೋ? ಇನ್ನೊಮ್ಮೆ ಹೇಳು."

ನಾನು ಇನ್ನೊಮ್ಮೆ ಹೇಳುತ್ತೇನೆ.